ಜಪಾನಿಗೆ ಹೊರಟ ದಂಪತಿ: ಊರಿಗಿಂತ ಮೊದಲು ತಿಂಗಳನ್ನು ಆರಿಸಿ

ಪ್ರಶ್ನೆ: ನಾವು ದಾವಣಗೆರೆಯ ದಂಪತಿ, ಇಬ್ಬರಿಗೂ ಐವತ್ತು ದಾಟಿದೆ. ಮುಂದಿನ ವರ್ಷ ಹನ್ನೆರಡು ದಿನ ಜಪಾನಿನ ನಗರಗಳನ್ನು ನೋಡಬೇಕೆಂದಿದ್ದೇವೆ. ಹುಡುಗನಾಗಿದ್ದಾಗ ಗರಡಿ ಮನೆಯಲ್ಲಿ ಪಳಗಿದ ನನಗೆ ಸುಮೊ ಕುಸ್ತಿಯನ್ನು ಕಣ್ಣಾರೆ ಕಾಣುವ ಹಂಬಲ. ನನ್ನ ಪತ್ನಿಗೆ ದೇವಾಲಯಗಳಲ್ಲಿ ಆಸಕ್ತಿ. ನಾನು ಮೀನು ತಿನ್ನುತ್ತೇನೆ, ಅವರು ಶುದ್ಧ ಸಸ್ಯಾಹಾರಿ. ಪ್ರವಾಸ ಏರ್ಪಡಿಸುವವರು ಏಳು ಊರುಗಳ ಪಟ್ಟಿ ಕೊಟ್ಟು, ರೈಲ್ವೆ ಪಾಸ್ ಕೊಳ್ಳಲೇಬೇಕು ಎನ್ನುತ್ತಿದ್ದಾರೆ. ತಮ್ಮ ಸಲಹೆ ಏನು?

ಉತ್ತರ: ಏಳು ಊರುಗಳ ಪಟ್ಟಿಯನ್ನು ಸದ್ಯಕ್ಕೆ ಬದಿಗಿಡಿ. ಸುಮೊ ನೋಡಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಮೊದಲು ತೀರ್ಮಾನವಾಗಬೇಕಾದದ್ದು ತಿಂಗಳು. ಏಕೆಂದರೆ ವರ್ಷಕ್ಕೆ ಆರು ಬಾರಿ, ಪ್ರತಿಸಲವೂ ಹದಿನೈದು ದಿನ ಮಾತ್ರ ದೊಡ್ಡ ಪಂದ್ಯಾವಳಿಗಳು ನಡೆಯುತ್ತವೆ. ಜನವರಿ, ಮೇ ಮತ್ತು ಸೆಪ್ಟೆಂಬರಿನವು ಟೋಕಿಯೊದಲ್ಲಿ, ಮಾರ್ಚಿನದು ಒಸಾಕಾದಲ್ಲಿ, ಜುಲೈಯದು ನಗೋಯಾದಲ್ಲಿ, ನವೆಂಬರಿನದು ಫುಕುವೊಕಾದಲ್ಲಿ. ನಾನು ನಿಮಗೆ ಮೇ ತಿಂಗಳ ನಡುಭಾಗವನ್ನೇ ಹೇಳುತ್ತೇನೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಜಪಾನೀಯರೆಲ್ಲ ಸಾಲುರಜೆಯಲ್ಲಿ ಊರೂರು ಸುತ್ತುತ್ತಿರುತ್ತಾರೆ. ತಿಂಗಳ ನಡುವಿನ ಹೊತ್ತಿಗೆ ಆ ನೂಕುನುಗ್ಗಲು ಇಳಿದಿರುತ್ತದೆ, ಮಳೆಗಾಲ ಇನ್ನೂ ಹಿಡಿದಿರುವುದಿಲ್ಲ.

ಟೋಕಿಯೊದ ರ್‍ಯೋಗೊಕು ಬಡಾವಣೆಯ ಕೊಕುಗಿಕಾನ್ ಕ್ರೀಡಾಂಗಣದಲ್ಲಿ ಒಂದು ಇಡೀ ದಿನವನ್ನು ಕಳೆಯಿರಿ. ಹೆಚ್ಚಿನ ಪ್ರವಾಸಿಗರು ಮಧ್ಯಾಹ್ನದ ಮೇಲೆ ಬಂದು, ಆರು ಗಂಟೆಯ ಹೊತ್ತಿಗೆ ಮುಗಿಯುವ ಮೇಲ್ದರ್ಜೆಯ ಪಂದ್ಯಗಳನ್ನಷ್ಟೇ ನೋಡಿ ಹೋಗುತ್ತಾರೆ. ಆದರೆ ಬೆಳಿಗ್ಗೆ, ಆಸನಗಳು ಬಹುಪಾಲು ಖಾಲಿಯಿರುವಾಗ, ಹದಿಹರೆಯದ ಹೊಸ ಪೈಲ್ವಾನರು ಸೆಣಸುವುದನ್ನು ನೋಡಿದರೆ ನಿಮಗೆ ನಿಮ್ಮ ಗರಡಿಯೇ ನೆನಪಾದೀತು. ಅಖಾಡವೂ ಮಣ್ಣಿನದೇ, ಒಳವೃತ್ತದ ಅಡ್ಡಳತೆ 4.55 ಮೀಟರ್. ನಮ್ಮಲ್ಲಿ ಎದುರಾಳಿಯನ್ನು ಚಿತ್ ಮಾಡಬೇಕು. ಅಲ್ಲಿ ಅಂಗಾಲನ್ನುಳಿದು ಮೈಯ ಯಾವ ಭಾಗ ನೆಲಕ್ಕೆ ತಾಗಿದರೂ, ಕಾಲು ವೃತ್ತದ ಹೊರಗೆ ಬಿದ್ದರೂ ಸೋಲು. ಹಾಗಾಗಿ ಎಷ್ಟೋ ಪಂದ್ಯಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತವೆ, ಅದಕ್ಕೆ ಮೊದಲು ಮೇಲ್ದರ್ಜೆಯ ಮಲ್ಲರು ಬೊಗಸೆ ಉಪ್ಪೆರಚಿ, ಕುಕ್ಕರಗಾಲಲ್ಲಿ ಕೂತು, ಎದುರಾಳಿಯನ್ನು ದಿಟ್ಟಿಸಿ ಮತ್ತೆ ಎದ್ದು ಮೂಲೆಗೆ ಹೋಗುವ ಆಟವೇ ನಾಲ್ಕು ನಿಮಿಷ ಎಳೆಯುತ್ತದೆ. ನನ್ನ ಪಾಲಿಗೆ ಸುಮೊದ ರುಚಿ ಇರುವುದು ಆ ನಾಲ್ಕು ನಿಮಿಷಗಳಲ್ಲಿ. ಕೆಳಗಿನ ಚೌಕಟ್ಟಿನ ಆಸನಗಳಲ್ಲಿ ಪಾದರಕ್ಷೆ ಬಿಟ್ಟು ದಿಂಬಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಮಂಡಿನೋವಿದ್ದರೆ ಮೇಲಂತಸ್ತಿನ ಕುರ್ಚಿಗಳೇ ಲೇಸು. ಟಿಕೆಟ್ ಮಾರಾಟ ಪಂದ್ಯಾವಳಿಗೆ ಸುಮಾರು ಒಂದು ತಿಂಗಳು ಮುಂಚೆ ಆರಂಭವಾಗಿ ಬೇಗ ಮುಗಿಯುವುದರಿಂದ, ಆ ದಿನವನ್ನು ಈಗಲೇ ಗುರುತು ಹಾಕಿಕೊಳ್ಳಿ.

ನೀವು ಕೇಳದಿದ್ದರೂ ಇನ್ನೊಂದು ಆಟವನ್ನು ಸೇರಿಸುತ್ತೇನೆ. ಒಸಾಕಾ ಮತ್ತು ಕೋಬೆ ನಡುವಿನ ನಿಶಿನೊಮಿಯಾದಲ್ಲಿ 1924ರಲ್ಲಿ ತೆರೆದ ಕೋಶಿಯೆನ್ ಬೇಸ್‌ಬಾಲ್ ಮೈದಾನವಿದೆ. ಹನ್‌ಶಿನ್ ಟೈಗರ್ಸ್ ತಂಡದ ತವರು. ಪ್ರತಿ ಬ್ಯಾಟುಗಾರನಿಗೂ ಅವನದೇ ಹಾಡು, ಕಹಳೆ, ಡೋಲು. ಎದುರು ತಂಡ ಬ್ಯಾಟಿಂಗಿಗೆ ಬಂದೊಡನೆ ಅವರ ಅಭಿಮಾನಿಗಳಿಗೆ ಸರದಿ ಬಿಟ್ಟುಕೊಟ್ಟು ಇವರ ಹಾಡು ನಿಲ್ಲುತ್ತದೆ. ಚಿನ್ನಸ್ವಾಮಿ ಕ್ರೀಡಾಂಗಣದ ಗದ್ದಲಕ್ಕೆ ಒಗ್ಗಿದ ಕಿವಿಗೆ ಈ ಶಿಸ್ತು ವಿಚಿತ್ರವೆನಿಸೀತು. ಬೆನ್ನಿಗೆ ಬಿಯರ್ ಪೀಪಾಯಿ ಹೊತ್ತ ಯುವತಿಯರು ಮೆಟ್ಟಿಲು ಹತ್ತಿಳಿಯುತ್ತ ಲೋಟ ತುಂಬಿಸಿ ಕೊಡುತ್ತಾರೆ. ಆಟದ ನಿಯಮ ಗೊತ್ತಿಲ್ಲದ ನಿಮ್ಮ ಪತ್ನಿಯವರಿಗೂ ಅಲ್ಲಿ ಬೇಸರವಾಗದು.

ಇನ್ನು ಊಟದ ಮಾತು. ನಿಜವಾದ ಎಚ್ಚರಿಕೆ ಬೇಕಾದದ್ದು ಇಲ್ಲಿ. ಜಪಾನೀ ಅಡುಗೆಯ ತಳಪಾಯ ದಾಶಿ ಎಂಬ ತಿಳಿಸಾರು. ಅದನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಪಾಚಿಯ ಜೊತೆಗೆ, ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರಕಲು ಹಾಕಿ ಮಾಡುತ್ತಾರೆ. ಸೋಬಾ ಮತ್ತು ಉದೊನ್ ಶಾವಿಗೆಯ ಸಾರು, ಮಿಸೊ ಸೂಪು, ಬೇಯಿಸಿದ ತರಕಾರಿ, ಎಲ್ಲದರಲ್ಲೂ ಅದು ಸೇರಿರುತ್ತದೆ. ನನ್ನ ಮೊದಲ ಪ್ರವಾಸದಲ್ಲಿ ಒಸಾಕಾದ ಒಂದು ಸಣ್ಣ ಅಂಗಡಿಯಲ್ಲಿ ‘ನಿಕು ಬೇಡ’ ಎಂದು ಹೆಮ್ಮೆಯಿಂದ ಹೇಳಿ, ಎಲೆಕೋಸಿನ ಒಕೊನೊಮಿಯಾಕಿ ದೋಸೆ ತರಿಸಿಕೊಂಡೆ. ಬಂದ ತಟ್ಟೆಯ ಮೇಲೆ ಮರದ ಹೊಟ್ಟಿನಂಥ ತೆಳು ಚೂರುಗಳು ಬಿಸಿಗೆ ಜೀವ ಬಂದಂತೆ ಅಲುಗಾಡುತ್ತಿದ್ದವು: ಮೀನಿನ ಹೆರಕಲು. ತಪ್ಪು ಅಂಗಡಿಯವರದಲ್ಲ, ‘ನಿಕು’ ಎಂದರೆ ಪ್ರಾಣಿಯ ಮಾಂಸ, ಮೀನು ಅದರಲ್ಲಿ ಬರುವುದಿಲ್ಲ. ಆದ್ದರಿಂದ ಮಾಂಸ, ಮೀನು ಮತ್ತು ಮೀನಿನ ದಾಶಿ ಮೂರೂ ಬೇಡವೆಂದು ಜಪಾನೀ ಲಿಪಿಯಲ್ಲಿ ಬರೆಸಿದ ಚೀಟಿಯೊಂದನ್ನು ಪತ್ನಿಯವರ ಕೈಚೀಲದಲ್ಲಿಡಿ.

ಅವರು ನೆಮ್ಮದಿಯಾಗಿ ಉಣ್ಣಬಲ್ಲ ಊಟವೆಂದರೆ ಬೌದ್ಧ ಮಠಗಳ ಶೋಜಿನ್ ರ್‍ಯೋರಿ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಅದಕ್ಕೆ ವರ್ಜ್ಯ. ನಮ್ಮ ಮಡಿ ಅಡುಗೆಯ ಕಟ್ಟುನಿಟ್ಟನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಕ್ಯೋಟೊದಲ್ಲಿ ಕೆಲವು ದೇವಾಲಯಗಳ ಆಸುಪಾಸಿನಲ್ಲಿ ಅದು ಸಿಗುತ್ತದೆ, ಆದರೆ ನನ್ನ ಆಯ್ಕೆ ಒಂಬತ್ತನೆಯ ಶತಮಾನದಲ್ಲಿ ಕೂಕಾಯ್ ಎಂಬ ಗುರು ನೆಲೆ ಸ್ಥಾಪಿಸಿದ, ಒಸಾಕಾದ ದಕ್ಷಿಣಕ್ಕಿರುವ ಕೋಯಾ ಬೆಟ್ಟದ ಮಠಗಳಲ್ಲೊಂದರಲ್ಲಿ ಒಂದು ರಾತ್ರಿಯ ತಂಗುವಿಕೆ. ಸಂಜೆ ಬೇಗನೆ ಎಳ್ಳಿನ ತೋಫು, ಒಣಗಿಸಿ ಮತ್ತೆ ಸಾರಿನಲ್ಲಿ ನೆನೆಸಿದ ಕೋಯಾ ತೋಫು, ಉಪ್ಪಿನಕಾಯಿ, ಅನ್ನ ಬಡಿಸುತ್ತಾರೆ. ಮುಂಜಾನೆ ಪ್ರಾರ್ಥನೆಗೆ ಕರೆಯುತ್ತಾರೆ. ಹಾಸಿಗೆ ನೆಲದ ಮೇಲೆ ಎಂಬುದು ನೆನಪಿರಲಿ.

ಹೀಗೆ ನೋಡಿದರೆ ನಿಮಗೆ ಬೇಕಾದದ್ದು ಟೋಕಿಯೊ, ಕ್ಯೋಟೊ, ಕೋಯಾ ಬೆಟ್ಟ, ಒಸಾಕಾ, ಇಷ್ಟೇ. ಒಸಾಕಾದ ಕನ್ಸಾಯ್ ವಿಮಾನ ನಿಲ್ದಾಣದಿಂದಲೇ ಹಿಂತಿರುಗಿ. ಪಾಸಿನ ಅಗತ್ಯವೂ ಉಳಿಯುವುದಿಲ್ಲ. ಜೆಆರ್ ಸಮೂಹದ ರೈಲುಗಳಲ್ಲಿ ನಡೆಯುವ ಏಳು ದಿನದ ರೈಲ್ವೆ ಪಾಸಿನ ದರ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಕ್ಯೋಟೊಗೆ ಶಿಂಕಾನ್‌ಸೆನ್ ಎಂಬ ಬುಲೆಟ್ ರೈಲಿನ ಟಿಕೆಟ್ ಸುಮಾರು 14,000. ಕೋಯಾ ಬೆಟ್ಟಕ್ಕೂ ಕೋಶಿಯೆನ್‌ಗೂ ಹೋಗುವ ರೈಲುಗಳು ಬೇರೆ ಖಾಸಗಿ ಕಂಪನಿಗಳವು, ಅಲ್ಲಿ ಆ ಪಾಸು ನಡೆಯುವುದೇ ಇಲ್ಲ. ದೊಡ್ಡ ಪೆಟ್ಟಿಗೆಗಳನ್ನು ಬೆಟ್ಟಕ್ಕೆ ಹೊತ್ತೊಯ್ಯಬೇಡಿ. ಕ್ಯೋಟೊದ ಹೋಟೆಲಿನಲ್ಲಿ ಹೇಳಿದರೆ ತಕ್ಯುಬಿನ್ ಸೇವೆಯವರು ಅವನ್ನು ಒಸಾಕಾದ ಹೋಟೆಲಿಗೆ ತಲುಪಿಸುತ್ತಾರೆ. ನಿಮ್ಮ ಮೀನಿನ ಆಸೆಯನ್ನು ಒಸಾಕಾದ ಕೊನೆಯ ದಿನಗಳಿಗೆ ಉಳಿಸಿಕೊಳ್ಳಿ. ಅಷ್ಟರಲ್ಲಿ ಪತ್ನಿಯವರೂ ಚೀಟಿ ತೋರಿಸುವುದರಲ್ಲಿ ಪಳಗಿರುತ್ತಾರೆ.