ಫುಟ್‌ಪಾತ್‌ನಿಂದ ಯಾರನ್ನು ಎಬ್ಬಿಸಬೇಕು?

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ನಡೆಯೋಕೆ ಜಾಗ ಇಲ್ಲ. ಫುಟ್‌ಪಾತ್ ವ್ಯಾಪಾರಿಗಳನ್ನು ಎಬ್ಬಿಸಿದರೆ ಸರಿಹೋಗುತ್ತೆ ಅಲ್ವಾ ಸಾರ್?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಇಲ್ಲ, ನಾನು ಒಪ್ಪುವುದಿಲ್ಲ. ನಾನೂ ಬಸವನಗುಡಿಯವನೇ. ಮೊಳ ಹಾಕಿ ಮಲ್ಲಿಗೆ ಅಳೆದು, ಮೇಲೊಂದು ಗೇಣು ಜಾಸ್ತಿ ಬಿಟ್ಟು, ಬಾಳೆ ಎಲೆಯಲ್ಲಿ ಸುತ್ತಿ ಕೊಡುವ ಅಮ್ಮ ಇಲ್ಲದ ಗಾಂಧಿ ಬಜಾರು ನನಗೆ ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ, ವ್ಯಾಪಾರಿಗಳ ಸಮೀಕ್ಷೆ ಮುಗಿಸಿ ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೂ ಸುಮ್ನೆ ಎಬ್ಬಿಸುವ ಹಾಗಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಇದೇ ಕಾಯ್ದೆ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಜನ ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು.

ನಡೆಯೋರಿಗೂ ಜಾಗ ಬೇಕು, ನಿಜ. ಮೊದಲು ಫುಟ್‌ಪಾತ್ ಮೇಲೆ ಹತ್ತಿಸಿದ ಸ್ಕೂಟರ್‌ಗಳನ್ನು ತೆಗೆಸಲಿ. ವ್ಯಾಪಾರಿಗಳಿಗೆ ಗೆರೆ ಎಳೆದು ಜಾಗ ಕೊಡಲಿ. ಆಮೇಲೂ ಯಾರಾದರೂ ಗೆರೆ ದಾಟಿದರೆ, ದೂರು ಕೊಡೋಕೆ ನಿಮ್ಮ ಜೊತೆ ನಾನೂ ಬರುತ್ತೇನೆ.