ಒಂಬತ್ತನೆಯವರು ಎಲ್ಲಿ ಕೂರಬೇಕು?

ಪ್ರಶ್ನೆ: ನಾನು ನಿವೃತ್ತ ಉಪನ್ಯಾಸಕ. ನಾಲ್ವರು ಎರಡು ಜೋಡಿಯಾಗಿ ಆಡುವ ಇಸ್ಪೀಟಾಟ ಬ್ರಿಜ್ ಕಲಿತು ಎರಡು ವರ್ಷವಾಯಿತು. ನಮ್ಮ ಕ್ಲಬ್ಬಿನಲ್ಲಿ ಗುರುವಾರ ಸಂಜೆ ಹದಿನಾರು ಜನರಾದರೂ ಸೇರುತ್ತಾರೆ. ಹೋದ ಆಷಾಢದಲ್ಲಿ ಒಂದು ದಿನ ಜಡಿಮಳೆ, ಬಂದದ್ದು ಒಂಬತ್ತೇ ಜನ. ನಾಲ್ಕು ಜೋಡಿ, ಜೊತೆಗೆ ಒಂಟಿಯಾಗಿ ನಾನು. ಕಾರ್ಯದರ್ಶಿಗಳು "ಸಾರ್, ನೀವಿವತ್ತು ಕೂತು ನೋಡಿ, ಕಲಿತ ಹಾಗೂ ಆಗುತ್ತೆ" ಅಂದರು. ನನ್ನ ರೇನ್‌ಕೋಟಿನಿಂದ ಇನ್ನೂ ನೀರು ಸೋರುತ್ತಿತ್ತು. ಹತ್ತು ನಿಮಿಷ ಕೂತು, ಟೀ ಕುಡಿದು, ಸ್ಕೂಟರ್ ಹತ್ತಿ ಮನೆಗೆ ಬಂದೆ. ನಾನು ಬೇಸರ ಮಾಡಿಕೊಂಡದ್ದು ಅತಿಯಾಯಿತೆ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಅತಿಯೇನೂ ಆಗಲಿಲ್ಲ. ನಿಮ್ಮನ್ನು ಆಡಿಸದೆ ಬಿಟ್ಟದ್ದಕ್ಕಿಂತ ನನಗೆ ಸಿಟ್ಟು ಬಂದದ್ದು ಆ "ಕಲಿತ ಹಾಗೂ ಆಗುತ್ತೆ" ಅನ್ನುವ ಮಾತಿಗೆ. ಪಂಕ್ತಿಯಲ್ಲಿ ಎಲೆ ಸಾಲದೆ ಹೋದಾಗ "ಅಡುಗೆ ಹೇಗಾಗಿದೆ ಅಂತ ನೋಡಿಕೊಂಡು ಹೋಗಿ" ಅಂದ ಹಾಗಾಯಿತು.

ತಮಾಷೆಯೆಂದರೆ, ಒಂಬತ್ತು ಕಷ್ಟದ ಲೆಕ್ಕವೇ ಅಲ್ಲ. ನಾಲ್ಕರ ಮಗ್ಗಿಗಿಂತ ಒಂದು ಹೆಚ್ಚು ಬಂದರೆ, ಅಂದರೆ ಐದು, ಒಂಬತ್ತು, ಹದಿಮೂರು ಜನ ಬಂದರೆ, ಜೋಡಿಗಳನ್ನು ಬಿಡಿಸಿ 'ಇಂಡಿವಿಜುಯಲ್' ಆಡಿಸಬಹುದು. ಒಂಬತ್ತು ಜನಕ್ಕೆ 9 ಸುತ್ತು, ಸುತ್ತಿಗೆ ಎರಡು ಬೋರ್ಡ್ (ಒಮ್ಮೆ ಹಂಚಿದ ನಾಲ್ಕು ಕೈಗಳನ್ನು ಹಾಗೇ ಇಟ್ಟು ಟೇಬಲ್ಲಿನಿಂದ ಟೇಬಲ್ಲಿಗೆ ಕಳಿಸುವ ತಟ್ಟೆ; ಬೋರ್ಡಿಗೆ ಒಂದು ಆಟ), ಒಟ್ಟು 18. ಪ್ರತಿ ಸುತ್ತಿನಲ್ಲೂ ಒಬ್ಬರು ಹೊರಗೆ. ಎಲ್ಲ ಮುಗಿಯುವಾಗ ಪ್ರತಿಯೊಬ್ಬರೂ ಉಳಿದ ಎಂಟು ಜನರಿಗೂ ಒಂದೊಂದು ಸಲ ಪಾರ್ಟ್ನರ್ ಆಗಿರುತ್ತಾರೆ, ಎರಡೆರಡು ಸಲ ಎದುರಾಳಿ ಆಗಿರುತ್ತಾರೆ. ಯಾರು ಯಾವಾಗ ಎಲ್ಲಿ ಕೂರಬೇಕು ಅನ್ನುವ ಚೀಟಿಯನ್ನು ಒಮ್ಮೆ ಬರೆದು ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ ವರ್ಷಗಟ್ಟಲೆ ಸಾಕು. ಐದೇ ಜನ ಬಂದರೆ ಒಂದೇ ಟೇಬಲ್, ನಾಲ್ಕು ನಾಲ್ಕು ಆಟದ 'ಷಿಕಾಗೊ'. ಐದು ಸಲ ಆಡಿದರೆ ಎಲ್ಲರೂ ಒಂದೊಂದು ಸಲ ಹೊರಗೆ ಕೂತ ಹಾಗಾಯಿತು.

"ನಾವು ಜೋಡಿಯಾಗಿ ಆಡೋಕೆ ಬಂದಿದ್ದು, ಬೇರೆಯವರ ಜೊತೆ ಆಡಲ್ಲ" ಅನ್ನುವವರು ಇರುತ್ತಾರೆ. ಇರಲಿ. ಆಗ ಜೋಡಿ ಮುರಿಯಬೇಕಾದದ್ದು ಹದಿನೈದು ವರ್ಷದಿಂದ ಒಟ್ಟಿಗೆ ಆಡುತ್ತಿರುವ ಗಟ್ಟಿ ಜೋಡಿ. ಮೊದಲ ಸುತ್ತಿಗೆ ಕುರ್ಚಿ ಬಿಟ್ಟು ಏಳಬೇಕಾದವರು ಕಾರ್ಯದರ್ಶಿಗಳು. ಕೀಲಿಕೈ ಇಟ್ಟುಕೊಂಡವರು ಕೊನೆಗೆ ಕೂರಬೇಕು. ಎರಡು ವರ್ಷದ ಆಟಗಾರರನ್ನು ಒಂದು ದಿನ ಹೀಗೆ ವಾಪಸು ಕಳಿಸಿದರೆ ಮುಂದಿನ ಗುರುವಾರ ಮಳೆ ಇಲ್ಲದಿದ್ದರೂ ಅವರು ಬರುವುದಿಲ್ಲ. ಕ್ಲಬ್ಬುಗಳಲ್ಲಿ ಟೇಬಲ್ ಕಮ್ಮಿಯಾಗುವುದು ಹೀಗೇ.

ನಿಜವಾಗಿ ಪೀಕಲಾಟ ಆಗುವುದು ಆರು, ಏಳು ಜನ ಬಂದಾಗ. ಮೈಸೂರಿನಲ್ಲಿ ನಾನು ಆಟ ನಡೆಸುತ್ತಿದ್ದ ಕಾಲದಲ್ಲಿ ಒಂದು ಸಂಜೆ ನನ್ನನ್ನೂ ಸೇರಿಸಿ ಏಳು ಜನ ಆದೆವು. ಮನೆ ಎರಡು ಬೀದಿ ಆಚೆ. ಹೋಗಿ ನಮ್ಮ ಅತ್ತೆಯನ್ನು ಕರೆದುಕೊಂಡು ಬಂದೆ. ಅವರು ಪುತ್ತೂರಿನ ಕಡೆಯವರು, 'ಇಪ್ಪತ್ತೆಂಟು' ಅನ್ನುವ ಇಸ್ಪೀಟಾಟದಲ್ಲಿ ಎತ್ತಿದ ಕೈ. ಬ್ರಿಜ್ ಎಂದರೆ ಸಂಕ ಅಂತಷ್ಟೇ ಗೊತ್ತಿದ್ದದ್ದು. "ಬಿಡ್ಡಿಂಗ್ ಬಂದಾಗ ಪಾಸ್ ಅನ್ನಿ, ಕೇಳಿದ ಬಣ್ಣ ಇದ್ದರೆ ಹಾಕಿ, ಇಲ್ಲದಿದ್ದರೆ ಏನಾದರೂ ಹಾಕಿ" ಅಂತ ದಾರಿಯಲ್ಲೇ ಪಾಠ. ಎಂಟು ಜನಕ್ಕೆ 7 ಸುತ್ತು, ಸುತ್ತಿಗೆ ಮೂರು, ಒಟ್ಟು 21 ಬೋರ್ಡ್. ಹೀಗಾಗಿ ನಮ್ಮ ಏಳು ಜನಕ್ಕೂ ಅತ್ತೆ ಮೂರು ಮೂರು ಬೋರ್ಡ್ ಸಮಪಾಲಾಗಿ ಸಿಕ್ಕಿದರು. ಯಾರೂ ದೂರುವ ಹಾಗಿಲ್ಲ!

ಇಪ್ಪತ್ತೆಂಟು ಬಲಕ್ಕೆ ಸುತ್ತುವ ಆಟ, ಬ್ರಿಜ್ ಎಡಕ್ಕೆ. ಮೊದಲ ಅರ್ಧ ಗಂಟೆ ಅವರ ಕೈ ತಪ್ಪು ಕಡೆಯಿಂದ ಮುಂದೆ ಬರುವುದು, ನಾವೆಲ್ಲ "ಅಮ್ಮಾ, ತಡೀರಿ" ಅನ್ನುವುದು. ಆಮೇಲೊಂದು ಕೈಯಲ್ಲಿ ಇಸ್ಪೀಟ್ ಗುಲಾಮನನ್ನು ಟೇಬಲ್ ಅದುರುವ ಹಾಗೆ ಕುಟ್ಟಿದರು. ಇಪ್ಪತ್ತೆಂಟಿನಲ್ಲಿ ಗುಲಾಮನೇ ದೊಡ್ಡವನು ನೋಡಿ, ಮೂರು ಪಾಯಿಂಟಿನ ಎಲೆ. ಎದುರಿನವರು ಸದ್ದಿಲ್ಲದೆ ರಾಣಿ ಹಾಕಿ ಎತ್ತಿಕೊಂಡರು. ಅತ್ತೆ ಎಲೆಗಳನ್ನು ಮಡಿಲಿಗಿಳಿಸಿ, "ಇದೆಂಥ ಆಟ ಮಾರಾಯ್ರೆ, ಗುಲಾಮನಿಗೆ ಬೆಲೆಯೇ ಇಲ್ಲವಾ?" ಅಂತ ಕೇಳಿದರು. ಆ ಸಂಜೆ ಕೊನೆಯ ಸ್ಥಾನ ಅವರದೇ. ಆದರೆ ಆಮೇಲೆ ಎಷ್ಟೋ ಗುರುವಾರ, ನಾನು ಚಪ್ಪಲಿ ಮೆಟ್ಟುವಾಗ, "ಇವತ್ತು ಎಷ್ಟು ಜನ?" ಎಂಬ ಪ್ರಶ್ನೆ ಒಳಗಿನಿಂದ ಬರುತ್ತಿತ್ತು.

ನಿಮಗೂ ಒಂದು ಮಾತು. "ಒಂಟಿ ಬರ್ತಿದೀನಿ" ಅಂತ ಮಧ್ಯಾಹ್ನವೇ ಫೋನ್ ಮಾಡಿದ್ದಿರಾ? ಪತ್ರದಲ್ಲಿ ಬರೆದಿಲ್ಲ. ಮಾಡಿದ್ದರೆ ಹತ್ತನೆಯವರನ್ನು ಹುಡುಕಲು ಅವರಿಗೂ ನಾಲ್ಕು ಗಂಟೆ ಸಿಗುತ್ತಿತ್ತು. ಹಾಗಂತ ಅವರ ತಪ್ಪೇನೂ ಇದರಿಂದ ಕಮ್ಮಿಯಾಗುವುದಿಲ್ಲ.

ಪ್ರಶ್ನೆ: ಐದು ಜೋಡಿ ಬಂದ ದಿನ ಸುತ್ತಿಗೆ ನಾಲ್ಕು ಬೋರ್ಡ್ ಆಡಿಸುತ್ತಾರೆ, ಪ್ರತಿ ಸುತ್ತಿಗೂ ಒಂದು ಜೋಡಿ ಹೊರಗೆ. ನಮ್ಮ ಸರದಿ ಬಂದಾಗ ನನ್ನ ಪಾರ್ಟ್ನರ್ ಬೇರೆ ಟೇಬಲ್ ಹಿಂದೆ ನಿಂತು ಎಲೆ ನೋಡುತ್ತಾರೆ. ಹೇಳಿದರೆ "ಅರ್ಧ ಗಂಟೆ ಗೋಡೆ ನೋಡ್ಲೇನು?" ಅಂತಾರೆ.
– ಒಬ್ಬ ಓದುಗಿ, ಹುಬ್ಬಳ್ಳಿ

ಉತ್ತರ: ಗೋಡೆಯನ್ನೇ ನೋಡಲಿ. ಆ ಬೋರ್ಡುಗಳು ಇನ್ನೊಂದು ಸುತ್ತಿಗೆ ನಿಮ್ಮ ಟೇಬಲ್ಲಿಗೇ ಬರಬಹುದು, ಆಗ ಅವರಿಗೆ ನಾಲ್ಕೂ ಕೈ ಗೊತ್ತಿರುತ್ತದೆ. ಗೊತ್ತಿದ್ದೂ ಸುಮ್ಮನೆ ಆಡಿದರೆ ಅದು ಮೋಸ, ಬಾಯಿಬಿಟ್ಟು ಹೇಳಿದರೆ ಆ ಬೋರ್ಡು ನಿಮ್ಮ ಪಾಲಿಗೆ ಕೆಟ್ಟಿತು. ಹೊರಗೆ ವರಾಂಡದಲ್ಲಿ ನೀವಿಬ್ಬರೂ ಕೂತು ಮುಗಿದ ಸುತ್ತಿನ ಜಗಳವನ್ನು ಮೆಲುದನಿಯಲ್ಲಿ ಮುಗಿಸಿಕೊಳ್ಳಿ. ಅರ್ಧ ಗಂಟೆ ಸಾಲುವುದಿಲ್ಲ, ಅನುಭವದ ಮಾತು. ಇನ್ನೊಂದು: "ಹೇಗೂ ಜನ ಇಲ್ಲ, ಬೇಗ ಹೋಗ್ತೀವಿ" ಅಂತ ನಡುವೆ ಎದ್ದು ಹೋಗಬೇಡಿ. ಐದು ಜೋಡಿಯಲ್ಲಿ ಒಂದು ಬೋರ್ಡ್ ಆಡುವುದೇ ಎರಡು ಟೇಬಲ್. ನೀವು ಎದ್ದರೆ ಹೋಲಿಸಿ ನೋಡಲು ಪಕ್ಕದ ಟೇಬಲ್ಲಿನ ಸ್ಕೋರೇ ಇರುವುದಿಲ್ಲ.

ಪ್ರಶ್ನೆ: ಆರೂವರೆಗೆ ಆಟ. ನನ್ನ ಪಾರ್ಟ್ನರ್ ಆರು ಇಪ್ಪತ್ತೈದಕ್ಕೆ "ಟ್ರಾಫಿಕ್, ಇವತ್ತು ಆಗಲ್ಲ" ಅಂತ ವಾಟ್ಸಾಪ್ ಹಾಕುತ್ತಾರೆ. ಇದು ಮೂರನೇ ಸಲ. ಏನು ಮಾಡಲಿ?
– ಬೆಂಗಳೂರಿನ ಓದುಗರು

ಉತ್ತರ: ಬೆಂಗಳೂರಿನ ಟ್ರಾಫಿಕ್ಕು ಆರು ಇಪ್ಪತ್ತೈದಕ್ಕೆ ಶುರುವಾಗುವುದಿಲ್ಲ ಅಂತ ನನಗೆ ಮೈಸೂರಿನಲ್ಲಿ ಕೂತೇ ಗೊತ್ತು. ನಾಲ್ಕನೇ ಸಲಕ್ಕೆ ಕಾಯಬೇಡಿ, ಬೇರೆ ಪಾರ್ಟ್ನರ್ ನೋಡಿಕೊಳ್ಳಿ. ಶಿವಮೊಗ್ಗದಲ್ಲಿ ಒಬ್ಬರು ಖಾಲಿ ಇದ್ದಾರೆ, ಮಳೆಯಲ್ಲೂ ಬರುತ್ತಾರೆ.