ಅರಿಜೋನಾದ ಮರುಭೂಮಿ ಸರೋವರ, ಕೆಂಪು ಬಂಡೆಗಳ ಕಡೆ ಕುದುರೆ ಕರೆದುಕೊಂಡು ಕ್ಯಾಂಪಿಂಗ್ ಹೋಗುವುದು ಹೇಗೆ?

ಫೀನಿಕ್ಸ್‌ಗೆ ಬಂದು ಎರಡು ವರ್ಷವಾಯಿತು, ಮಗಳಿಗಾಗಿ ಒಂದು ಕುದುರೆ ಕೊಂಡಿದ್ದೇವೆ, ಏಪ್ರಿಲ್‌ನಲ್ಲಿ ರೂಸ್‌ವೆಲ್ಟ್ ಸರೋವರದ ಹತ್ತಿರ ಒಂದು ರಾತ್ರಿ, ಆಮೇಲೆ ಸೆಡೋನಾ ಕಡೆಯ ಕೆಂಪು ಬಂಡೆಗಳ ಬಳಿ ಎರಡು ರಾತ್ರಿ ತಂಗುವ ಆಸೆ ಎಂದು ಬರೆದಿದ್ದೀರಿ. ಕೊನೆಯಲ್ಲಿ, "ಸರೋವರ ಪಕ್ಕದಲ್ಲೇ ಇರುತ್ತಲ್ಲ, ನೀರಿನ ಚಿಂತೆ ಇಲ್ಲ ತಾನೇ?" ಎಂದು ಕೇಳಿದ್ದೀರಿ. ಆ ಒಂದು ಸಾಲಿಗಾಗಿಯೇ ನಾನು ಉತ್ತರ ಬರೆಯಲು ಕೂತೆ. ನೀರಿನ ಚಿಂತೆ ಇದೆ. ಸರೋವರದ ದಂಡೆಯಲ್ಲಿ ಅದು ಇನ್ನೂ ಜಾಸ್ತಿ.

ನಮ್ಮ ತಾತ ಮೈಸೂರಿನಲ್ಲಿ ಟಾಂಗಾ ಓಡಿಸುತ್ತಿದ್ದರು. ಸಂಜೆ ಲಾಯಕ್ಕೆ ಬಂದ ಮೇಲೆ ಕುದುರೆ ಹೊಟ್ಟೆ ತುಂಬ ನೀರು ಕುಡಿಯುವವರೆಗೂ ಬೇಯಿಸಿದ ಹುರುಳಿ ಮುಂದಿಡುತ್ತಿರಲಿಲ್ಲ. ಅದನ್ನು ನೋಡಿಕೊಂಡೇ ಬೆಳೆದವಳು ನಾನು. ಆದರೂ ಇಲ್ಲಿ ನನ್ನ ಮೊದಲ ಕ್ಯಾಂಪಿಂಗ್‌ನಲ್ಲಿ ನೀರಿನ ವಿಷಯದಲ್ಲೇ ಎಡವಿದೆ. ನಮ್ಮ ಗೌರಿ 480 ಕಿಲೋ ತೂಗುವ, ಕ್ವಾರ್ಟರ್ ಹಾರ್ಸ್ ಎಂಬ ತಳಿಯ ಹೆಣ್ಣು ಕುದುರೆ. ಎರಡು ದಿನಕ್ಕೆ 60 ಲೀಟರ್ ನೀರು ತುಂಬಿಕೊಂಡು ಹೊರಟಿದ್ದೆ. ಮಿಕ್ಕಿದ್ದು ಸರೋವರದಲ್ಲಿ ಆಗುತ್ತದೆ ಅಂದುಕೊಂಡಿದ್ದೆ.

ರೂಸ್‌ವೆಲ್ಟ್ ಒಂದು ಜಲಾಶಯ. ಸಾಲ್ಟ್ ನದಿ ಮತ್ತು ಟೊಂಟೊ ಕ್ರೀಕ್ ಸೇರುವಲ್ಲಿ ಕಟ್ಟಿದ ಅಣೆಕಟ್ಟು 1911ರಲ್ಲಿ ಮುಗಿಯಿತು. ನಮ್ಮ ಕನ್ನಂಬಾಡಿ ಕೆಲಸ ಶುರುವಾದದ್ದೂ ಅದೇ ವರ್ಷ ಎಂಬುದು ನನಗೆ ಪ್ರತಿ ಸಲ ಅಲ್ಲಿ ನಿಂತಾಗ ನೆನಪಾಗುತ್ತದೆ. ಜಲಾಶಯ ಅಂದಮೇಲೆ ನೀರು ಏರುತ್ತದೆ, ಇಳಿಯುತ್ತದೆ. ಇಳಿದಾಗ ದಂಡೆಯಲ್ಲಿ ಉಳಿಯುವುದು ಮೇಲೆ ಒಣಗಿ ಬಿರುಕು ಬಿಟ್ಟ, ಒಳಗೆ ಹಸಿಯಾಗಿಯೇ ಇರುವ ಹೂಳು. ನನ್ನ ಭಾರಕ್ಕೆ ಅದು ಗಟ್ಟಿ ನೆಲದಂತಿತ್ತು. ಗೌರಿ ಮುಂಗಾಲು ಇಟ್ಟ ನಾಲ್ಕನೇ ಹೆಜ್ಜೆಗೆ ಮೊಣಕಾಲುದ್ದ ಹೂತುಹೋದಳು. ಗಾಬರಿಯಲ್ಲಿ ಜಗ್ಗಾಡಿದಷ್ಟೂ ಇಳಿಯುತ್ತಿದ್ದಳು. ನಾನು ಹಗ್ಗ ಸಡಿಲ ಬಿಟ್ಟು, ಪಕ್ಕಕ್ಕೆ ಸರಿದು, ಸುಮ್ಮನೆ ಮಾತಾಡಿಸುತ್ತಾ ನಿಂತೆ. ಅವಳೇ ಹಿಂಗಾಲಿನ ಬಲದಲ್ಲಿ ತಿರುಗಿ ಎದ್ದು ಬಂದಳು. ಸ್ನಾಯು ಹರಿಯಲಿಲ್ಲ, ಮೂಳೆ ಮುರಿಯಲಿಲ್ಲ. ಅಷ್ಟು ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಆಮೇಲೆ ಬಕೆಟ್‌ನಲ್ಲಿ ಸರೋವರದ ನೀರು ಹೊತ್ತು ತಂದೆ. ಮೂಸಿ ನೋಡಿದಳು, ಮುಖ ತಿರುಗಿಸಿದಳು. ಕುದುರೆಗೆ ಊರ ನೀರಿನ ವಾಸನೆ ಬೇರೆ, ಹೊರಗಿನ ನೀರಿನ ವಾಸನೆ ಬೇರೆ. ಬಾಯಾರಿಕೆ ಇದ್ದರೂ, ಹೊಸ ವಾಸನೆ ಹಿಡಿಸದಿದ್ದರೆ ಎಷ್ಟೋ ಕುದುರೆಗಳು ಕುಡಿಯಲು ಒಪ್ಪುವುದಿಲ್ಲ. ತಂದಿದ್ದ 60 ಲೀಟರ್ ಮರುದಿನ ಬೆಳಿಗ್ಗೆಯೇ ಮುಗಿಯಿತು. ಮಧ್ಯಾಹ್ನದ ಹೊತ್ತಿಗೆ ಮೇವು ಬಿಟ್ಟು ಹೊಟ್ಟೆಯ ಕಡೆ ತಿರುತಿರುಗಿ ನೋಡಲು ಶುರು ಮಾಡಿದಳು, ಅದು ಹೊಟ್ಟೆನೋವಿನ ಲಕ್ಷಣ. ಪಕ್ಕದ ಕ್ಯಾಂಪಿನಲ್ಲಿದ್ದ ಒಬ್ಬ ಹಿರಿಯ ಹೆಂಗಸು ತಮ್ಮ ಡ್ರಮ್‌ನಿಂದ ನೀರು ಕೊಟ್ಟರು. ಅದಕ್ಕೆ ಸ್ವಲ್ಪ ಸೇಬಿನ ರಸ ಬೆರೆಸಿ, ಬೆಚ್ಚಗೆ ಮಾಡಿ, ಗೌರಿ ಕುಡಿಯುವವರೆಗೂ ಅವರು ಅಲ್ಲಿಂದ ಏಳಲಿಲ್ಲ. ಅವರು ಕಲಿಸಿದ್ದನ್ನೇ ಈಗ ನಿಮಗೆ ಹೇಳುತ್ತಿದ್ದೇನೆ.

ದೊಡ್ಡ ಕುದುರೆ ಸಾಮಾನ್ಯ ದಿನಗಳಲ್ಲೇ 25ರಿಂದ 40 ಲೀಟರ್ ಕುಡಿಯುತ್ತದೆ. ಬಿಸಿಲಲ್ಲಿ ದುಡಿದರೆ 60 ದಾಟುತ್ತದೆ. ಆದ್ದರಿಂದ 55 ಗ್ಯಾಲನ್‌ನ, ಅಂದರೆ ಸುಮಾರು 208 ಲೀಟರ್‌ನ, ಆಹಾರ ತುಂಬಲು ಯೋಗ್ಯವಾದ ನೀಲಿ ಡ್ರಮ್ ಒಂದನ್ನು ಮನೆ ನಲ್ಲಿಯಿಂದಲೇ ತುಂಬಿಕೊಂಡು ಹೊರಡಿ. ಅದರ ತೂಕವೇ 200 ಕಿಲೋ ದಾಟುತ್ತದೆ, ಟ್ರೈಲರ್ ಲೆಕ್ಕದಲ್ಲಿ ಸೇರಿಸಿಕೊಳ್ಳಿ. ಹೊರಡುವ ಹತ್ತು ದಿನ ಮೊದಲೇ ಮನೆಯಲ್ಲಿ ಬಕೆಟ್ ನೀರಿಗೆ ಒಂದೆರಡು ಚಮಚ ಸೇಬಿನ ರಸ ಹಾಕಿ ರೂಢಿ ಮಾಡಿಸಿದರೆ, ಡ್ರಮ್ ಮುಗಿದಾಗ ಬೇರೆ ನೀರಿಗೂ ಅದೇ ವಾಸನೆ ಕೊಡಬಹುದು. ಮನೆಯಲ್ಲಿ ಬಳಸುವ ಅದೇ ಬಕೆಟ್ ಕೊಂಡೊಯ್ಯಿರಿ. ಇದು ಸಣ್ಣ ವಿಷಯ ಅನ್ನಿಸಬಹುದು, ಕುದುರೆಗೆ ಸಣ್ಣದಲ್ಲ.

ಸರೋವರದ ನೀರನ್ನು ಕುಡಿಸಲೇಬೇಕಾಗಿ ಬಂದರೆ ಮೊದಲು ಬಣ್ಣ ನೋಡಿ. ಬೆಚ್ಚಗಿನ ತಿಂಗಳುಗಳಲ್ಲಿ ನಿಂತ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪೊರೆ ಕಟ್ಟಿದ್ದರೆ ಅದು ಸಯನೊಬ್ಯಾಕ್ಟೀರಿಯಾ, ಅಂದರೆ ನೀಲಿ-ಹಸಿರು ಪಾಚಿ, ಇರಬಹುದು. ಅದರ ವಿಷ ಯಕೃತ್ತು, ನರಗಳ ಮೇಲೆ ಕೆಲಸ ಮಾಡುತ್ತದೆ, ಪ್ರಾಣಿಗಳು ಸಾಯುತ್ತವೆ. ಕಾಯಿಸಿದರೂ ವಿಷ ಹೋಗುವುದಿಲ್ಲ.

ಕುದುರೆಗೆ ನೀರು ಸಾಲುತ್ತಿದೆಯೋ ಇಲ್ಲವೋ ಎಂದು ನಿಮ್ಮ ಮಗಳಿಗೇ ನೋಡಲು ಕಲಿಸಿ. ಭುಜದ ಹತ್ತಿರ ಚರ್ಮ ಹಿಡಿದೆಳೆದು ಬಿಟ್ಟರೆ ಒಂದೆರಡು ಸೆಕೆಂಡಿನಲ್ಲಿ ಸಮನಾಗಬೇಕು. ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಸುಮ್ಮನೆ ನಿಂತಿರುವಾಗ ನಾಡಿ ನಿಮಿಷಕ್ಕೆ 28ರಿಂದ 44ರೊಳಗೆ ಇರಬೇಕು. ಪಕ್ಕೆಗೆ ಕಿವಿ ಇಟ್ಟರೆ ಹೊಟ್ಟೆಯೊಳಗೆ ಗುಡುಗುಡು ಕೇಳಬೇಕು. ಏನೂ ಕೇಳದಿದ್ದರೆ ಅದೇ ಕೆಟ್ಟ ಸುದ್ದಿ, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ದಾರಿಯುದ್ದಕ್ಕೂ ಎಲ್ಲೆಲ್ಲಿ ಕುದುರೆ ನೋಡುವ ಪಶುವೈದ್ಯರಿದ್ದಾರೋ ಅವರ ನಂಬರ್‌ಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಬೆಟ್ಟಗಳ ನಡುವೆ ಸಿಗ್ನಲ್ ನಂಬುವಂತಿಲ್ಲ.

ಇನ್ನು ಮೇವು. ಇಲ್ಲಿ ಬರ್ಮುಡಾ ಹೇ ಅಂತ ಮಾರುವುದು ನಮ್ಮ ಗರಿಕೆಯೇ, ಗಣೇಶನಿಗೆ ಏರಿಸುವ ಅದೇ ಹುಲ್ಲು. ಆಲ್ಫಾಲ್ಫಾ ಅಂದರೆ ನಮ್ಮೂರಿನ ಕುದುರೆ ಮಸಾಲೆ ಸೊಪ್ಪು. ತೂಕದ ನೂರಕ್ಕೆ ಎರಡರಷ್ಟು, ಅಂದರೆ ನಿಮ್ಮ ಕುದುರೆಗೂ ದಿನಕ್ಕೆ ಒಂಬತ್ತು ಹತ್ತು ಕಿಲೋ ಬೇಕಾಗುತ್ತದೆ. ಕ್ಯಾಂಪಿಗೆ ಹೋಗುತ್ತೇವೆಂದು ಮೇವಿನ ಬಗೆ ಬದಲಾಯಿಸಬೇಡಿ. ಕಳೆಬೀಜವಿಲ್ಲವೆಂದು ಪ್ರಮಾಣೀಕರಿಸಿದ ಹುಲ್ಲನ್ನೇ ಕೊಳ್ಳಿ. ಮುಂದೆ ಯೂಟಾ ಕಡೆ ಹೋದರೆ ಅಲ್ಲಿನ ಸರ್ಕಾರಿ ಅರಣ್ಯ, ಬಯಲುಗಳಲ್ಲಿ ಅದು ಕಡ್ಡಾಯ.

ಮರುಭೂಮಿಯಲ್ಲಿ ಮೇವನ್ನು ನೆಲದ ಮೇಲೆ ಎಸೆಯಲೇಬೇಡಿ. ಹುಲ್ಲಿನ ಜೊತೆ ಮರಳೂ ಹೊಟ್ಟೆಗೆ ಹೋಗಿ ದೊಡ್ಡ ಕರುಳಿನಲ್ಲಿ ಕೂರುತ್ತದೆ, ಅದರಿಂದ ಬರುವ ಹೊಟ್ಟೆನೋವು ಎಷ್ಟೋ ಕುದುರೆಗಳ ಜೀವ ತೆಗೆದಿದೆ. ಬಲೆಚೀಲದಲ್ಲಿ ತುಂಬಿ ಕಟ್ಟಿ, ಕೆಳಗೆ ರಬ್ಬರ್ ಚಾಪೆ ಹಾಸಿ. ಬಲೆಚೀಲ ಖಾಲಿಯಾದಾಗ ಜೋತುಬಿದ್ದು ಕಾಲಿಗೆ ಸಿಕ್ಕಿಕೊಳ್ಳದಷ್ಟು ಎತ್ತರದಲ್ಲಿರಲಿ. ಅನುಮಾನವಿದ್ದರೆ ಐದಾರು ಲದ್ದಿ ಉಂಡೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ನೀರು ಬೆರೆಸಿ, ಕದಡಿ, ತೂಗುಹಾಕಿ. ಮರಳಿದ್ದರೆ ತಳದಲ್ಲಿ ಕೂರುತ್ತದೆ. ಇದಕ್ಕೆ ಇಲ್ಲಿನವರು ಕೊಡುವ ಸಿಲಿಯಂ ಅಂದರೆ ನಮ್ಮ ಮನೆಗಳಲ್ಲಿ ಮಲಬದ್ಧತೆಗೆ ತಿನ್ನುವ ಇಸಬ್ಗೋಲ್. ಎಷ್ಟು, ಯಾವಾಗ ಎಂಬುದನ್ನು ನಿಮ್ಮ ಪಶುವೈದ್ಯರನ್ನೇ ಕೇಳಿ.

ಒಂದು ಗಿಡದ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಣಗಿಲೆ. ನಾವು ದೇವರಿಗೆ ಏರಿಸುವ ಅದೇ ಹೂವಿನ ಗಿಡವನ್ನು ಫೀನಿಕ್ಸ್ ಸುತ್ತಮುತ್ತ ಬೇಲಿಯಾಗಿ ಎಲ್ಲೆಲ್ಲೂ ಬೆಳೆಸಿದ್ದಾರೆ. ಒಂದೆರಡು ಹಿಡಿ ಎಲೆ ತಿಂದರೆ ಕುದುರೆಯ ಹೃದಯ ನಿಲ್ಲುತ್ತದೆ, ಒಣಗಿದ ಎಲೆಯೂ ಅಷ್ಟೇ ವಿಷ. ಪೆಟ್ರೋಲ್ ಬಂಕ್ ಹತ್ತಿರ ಕುದುರೆ ಇಳಿಸಿ ಕಾಲು ಆಡಿಸುವಾಗ ಬೇಲಿ ಯಾವುದು ಅಂತ ನೋಡಿಕೊಂಡೇ ಇಳಿಸಿ. ಚೋಯಾ ಕಳ್ಳಿಯ ತುಂಡು ತಾಗಿದ ಕೂಡಲೇ ಕಿತ್ತು ಬಂದು ಕಾಲಿಗೆ ಅಂಟಿಕೊಳ್ಳುತ್ತದೆ. ಕೈ ಹಾಕಬೇಡಿ, ಅಗಲ ಹಲ್ಲಿನ ಬಾಚಣಿಗೆಯಿಂದ ಚಿಮ್ಮಿಸಿ, ಉಳಿದ ಮುಳ್ಳನ್ನು ಇಕ್ಕಳದಿಂದ ಕೀಳಿ.

ಏಪ್ರಿಲ್ ಒಳ್ಳೆಯ ತಿಂಗಳು. ಮೇ ಕಳೆದ ಮೇಲೆ ತಗ್ಗು ಪ್ರದೇಶದ ಮರುಭೂಮಿಗೆ ಕುದುರೆ ಒಯ್ಯುವುದನ್ನು ನಾನು ಒಪ್ಪುವುದೇ ಇಲ್ಲ. 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 43 ಸೆಲ್ಸಿಯಸ್) ಮುಟ್ಟಿತ್ತು ಅಥವಾ ದಾಟಿತ್ತು. ಅಂಥ ಬಿಸಿಲಲ್ಲಿ ಟ್ರೈಲರ್ ಒಳಗೆ ಏನಾಗುತ್ತದೆ ಎಂದು ನೀವೇ ಊಹಿಸಿ. ಆದರೆ ಏಪ್ರಿಲ್‌ನಲ್ಲಿ ಬುಡುಬುಡಿಕೆ ಹಾವುಗಳೂ ಬಿಸಿಲು ಕಾಯಲು ಹೊರಬರುತ್ತವೆ. ಕುದುರೆ ಕುತೂಹಲದಿಂದ ಮೂತಿ ಚಾಚುತ್ತದೆ, ಕಡಿತ ಹೆಚ್ಚಾಗಿ ಮೂಗಿಗೇ ಬೀಳುತ್ತದೆ. ಕುದುರೆ ಬಾಯಿಯಿಂದ ಉಸಿರಾಡಲಾರದು, ಮೂಗು ಊದಿಕೊಂಡರೆ ಉಸಿರೇ ನಿಲ್ಲುತ್ತದೆ. ಅದಕ್ಕೇ ಅನುಭವಸ್ಥರು ಗೇಣುದ್ದದ ಎರಡು ತುಂಡು ರಬ್ಬರ್ ಪೈಪನ್ನು ಅಂಚು ಸವರಿ ಜೊತೆಗಿಟ್ಟುಕೊಂಡಿರುತ್ತಾರೆ, ಊತ ಏರುವ ಮೊದಲೇ ಹೊಳ್ಳೆಗಳಲ್ಲಿ ಇಟ್ಟು ಅಂಟಿಸಿ ಆಸ್ಪತ್ರೆಗೆ ಓಡುತ್ತಾರೆ. ಹೇಗೆ ಇಡುವುದೆಂದು ನಿಮ್ಮ ವೈದ್ಯರಿಂದ ಒಮ್ಮೆ ತೋರಿಸಿಕೊಳ್ಳಿ.

ರೂಸ್‌ವೆಲ್ಟ್ ಬಳಿ ಟೊಂಟೊ ರಾಷ್ಟ್ರೀಯ ಅರಣ್ಯದವರ ಫ್ರೇಜರ್ ಎಂಬ ಕುದುರೆ ಕ್ಯಾಂಪ್ ಇದೆ. ರಾಜ್ಯದ ಉದ್ದಕ್ಕೂ ಸಾಗುವ ಅರಿಜೋನಾ ಟ್ರೇಲ್ ಎಂಬ ಕಾಲುದಾರಿ ಆ ಕಡೆಯಿಂದಲೇ ಹಾದುಹೋಗುತ್ತದೆ. ನಿಮಗೆ ನಾನು ಹೇಳುವುದು ಅದನ್ನೇ: ದಂಡೆಯ ಆಸೆ ಬಿಡಿ, ಸರೋವರ ಕಣ್ಣಿಗೆ ಕಾಣುವಷ್ಟು ದೂರದಲ್ಲಿದ್ದರೆ ಸಾಕು. ದಂಡೆಯಲ್ಲಿ ಹೂಳಿನ ಜೊತೆ ಮೋಟಾರು ದೋಣಿಗಳ ಸದ್ದೂ ಇರುತ್ತದೆ, ಹೊಸ ಕುದುರೆ ಬೆದರುತ್ತದೆ. ಕುದುರೆಯನ್ನು ಕಟ್ಟುವ ಜಾಗ ನೀರಿನಿಂದ ಕನಿಷ್ಠ 60 ಮೀಟರ್ ದೂರವಿರಲಿ. ಕ್ಯಾಂಪ್‌ಗ್ರೌಂಡ್ ಬಿಟ್ಟು ಬಯಲಲ್ಲಿ ತಂಗುವುದಾದರೆ ಅರಿಜೋನಾ ಕಾನೂನು ನೆನಪಿರಲಿ: ಕಾಡುಪ್ರಾಣಿಗಳು, ದನಗಳು ಬರುವ ನೀರಿನ ಹೊಂಡಕ್ಕೆ ಅಡ್ಡಿಯಾಗುವಂತೆ ಕಾಲು ಮೈಲಿಯೊಳಗೆ ಗುಡಾರ ಹಾಕುವಂತಿಲ್ಲ. ಒಣಗಿದ ಹಳ್ಳದಲ್ಲಿ ಎಂದೂ ಬೇಡ. ಈ ಬೆಟ್ಟಗಳಲ್ಲಿ 2020ರ ಬುಷ್ ಎಂಬ ಹೆಸರಿನ ಕಾಳ್ಗಿಚ್ಚು 1,93,000 ಎಕರೆಗೂ ಹೆಚ್ಚು ಸುಟ್ಟಿತು. ಸುಟ್ಟ ಇಳಿಜಾರು ನೀರು ಹೀರುವುದಿಲ್ಲ, ದೂರದಲ್ಲೆಲ್ಲೋ ಬಿದ್ದ ಮಳೆ ಹಳ್ಳದಲ್ಲಿ ಗೋಡೆಯ ಹಾಗೆ ಬರುತ್ತದೆ.

ಎರಡನೇ ಭಾಗಕ್ಕೆ ಸೆಡೋನಾ ಹತ್ತಿರದ ಕಾಟನ್‌ವುಡ್ ಊರಿನ ಡೆಡ್ ಹಾರ್ಸ್ ರಾಂಚ್ ಸ್ಟೇಟ್ ಪಾರ್ಕ್ ಕಡೆ ನೋಡಿ. ಹೆಸರು ಕೇಳಿ ಮಗಳು ಬೇಸರ ಪಡುವ ಮೊದಲೇ ಕಥೆ ಹೇಳಿಬಿಡಿ. 1940ರ ದಶಕದ ಕೊನೆಯಲ್ಲಿ ಮಿನೆಸೋಟಾದಿಂದ ಬಂದ ಒಂದು ಕುಟುಂಬ ಜಮೀನು ಹುಡುಕುತ್ತಿತ್ತು. ಒಂದು ಕಡೆ ರಸ್ತೆ ಬದಿಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಎಲ್ಲ ನೋಡಿದ ಮೇಲೆ ಯಾವ ಜಾಗ ಇಷ್ಟವಾಯಿತೆಂದು ಅಪ್ಪ ಕೇಳಿದಾಗ ಮಕ್ಕಳು ಆ ಸತ್ತ ಕುದುರೆ ಇದ್ದ ಜಾಗವೇ ಅಂದರಂತೆ. 1973ರಲ್ಲಿ ರಾಜ್ಯಕ್ಕೆ ಮಾರುವಾಗಲೂ ಹೆಸರು ಉಳಿಯಬೇಕೆಂಬ ಷರತ್ತು ಹಾಕಿದರು. ವರ್ಡೆ ನದಿ, ಸಣ್ಣ ಕೊಳಗಳು, ನೆರಳು ಎಲ್ಲ ಇರುವ ತಂಪು ಜಾಗ. ಕುದುರೆಯ ಜೊತೆ ರಾತ್ರಿ ತಂಗುವುದಕ್ಕೆ ಮೊದಲೇ ಪಾರ್ಕ್ ಕಚೇರಿಗೆ ಫೋನ್ ಮಾಡಿ, ಟ್ರೈಲರ್ ಉದ್ದ ಹೇಳಿ ಜಾಗ ಖಚಿತ ಮಾಡಿಕೊಳ್ಳಿ.

ಅಲ್ಲಿಂದ ಲೈಮ್ ಕಿಲ್ನ್ ಟ್ರೇಲ್ ಹಿಡಿದರೆ 15 ಮೈಲಿ ದೂರದಲ್ಲಿ ಸೆಡೋನಾದ ರೆಡ್ ರಾಕ್ ಸ್ಟೇಟ್ ಪಾರ್ಕ್. ಹೊಸ ಕುದುರೆ, ಹೊಸ ಸವಾರಳಿಗೆ ಅಷ್ಟು ದೂರ ಬೇಡ. ನಾಲ್ಕೈದು ಮೈಲಿ ಹೋಗಿ, ಕೆಂಪು ಬಂಡೆಗಳು ಕಾಣುವಲ್ಲಿ ಇಳಿದು, ನೀರು ಕುಡಿಸಿ, ತಿರುಗಿ ಬನ್ನಿ. ಮರಳಿನ ಕಣಕಣಕ್ಕೂ ಕಬ್ಬಿಣದ ತುಕ್ಕು ಲೇಪವಾಗಿ ಬಂದ ಬಣ್ಣ ಅದು, ಸಂಜೆ ಬಿಸಿಲಿಗೆ ಒಳಗಿನಿಂದ ಉರಿದಂತೆ ಕಾಣುತ್ತದೆ. ನಾನು ಎಷ್ಟು ಸಲ ಹೋದರೂ ಮಾತು ನಿಲ್ಲಿಸಿ ನೋಡುತ್ತೇನೆ.

ಆ ಬಂಡೆಯ ಮೇಲೆ ಕಬ್ಬಿಣದ ಲಾಳ ಜಾರುತ್ತದೆ. ಇಳಿಜಾರಿನಲ್ಲಿ ಗೌರಿಯ ಹಿಂಗಾಲು ಒಮ್ಮೆ ಎರಡು ಅಡಿ ಜಾರಿದ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಂದಿನಿಂದ ಬಂಡೆ ಸಿಕ್ಕರೆ ಇಳಿದು ನಡೆಸುತ್ತೇನೆ, ಗೊರಸಿಗೆ ರಬ್ಬರ್ ಬೂಟು ಹಾಕುತ್ತೇನೆ. ಬೂಟು ಹಾಕುವುದಾದರೆ ಮನೆಯ ಹತ್ತಿರವೇ ಎರಡು ವಾರ ಓಡಾಡಿಸಿ, ಉಜ್ಜಿ ಗಾಯವಾಗುವ ಜಾಗ ಅಲ್ಲೇ ಗೊತ್ತಾಗುತ್ತದೆ. ದಾರಿ ಬಿಟ್ಟು ಪಕ್ಕದ ಕಪ್ಪು ಹೊಪ್ಪಳೆಯಂಥ ಮಣ್ಣಿನ ಮೇಲೆ ನಡೆಸಬೇಡಿ, ಅದು ಜೀವಂತ ಪದರ, ಒಂದು ಗೊರಸಿನ ಗುರುತು ಮಾಯಲು ಎಷ್ಟೋ ವರ್ಷ ಬೇಕು.

ಕಾಗದಪತ್ರ ರಾಜ್ಯದ ಗಡಿ ದಾಟಿದರೆ ಮಾತ್ರ ದೊಡ್ಡ ವಿಷಯ: ಯೂಟಾಕ್ಕೆ ಹೋಗುವುದಾದರೆ 12 ತಿಂಗಳೊಳಗಿನ ಕಾಗಿನ್ಸ್ ರಕ್ತಪರೀಕ್ಷೆ (ಕುದುರೆಗಳ ಸಾಂಕ್ರಾಮಿಕ ರಕ್ತಹೀನತೆ ರೋಗ ಇಲ್ಲವೆಂದು ತೋರಿಸುವುದು), 30 ದಿನದೊಳಗಿನ ಆರೋಗ್ಯ ಪ್ರಮಾಣಪತ್ರ ಇರಲಿ.

ಹೊರಡುವ ವಾರದ ಮೊದಲು ಒಂದು ರಾತ್ರಿ ಮನೆಯ ಅಂಗಳದಲ್ಲೇ ಕುದುರೆಯನ್ನು ಟ್ರೈಲರ್ ಪಕ್ಕ, ಕ್ಯಾಂಪಿನಲ್ಲಿ ಕಟ್ಟುವ ಹಾಗೆಯೇ ಕಟ್ಟಿ. ಮಗಳೂ ಅಂದು ಹೊರಗೇ ಗುಡಾರದಲ್ಲಿ ಮಲಗಲಿ. ಬಕೆಟ್‌ನಲ್ಲಿ ಸಂಜೆ ಎಷ್ಟು ನೀರಿತ್ತು, ಬೆಳಿಗ್ಗೆ ಎಷ್ಟು ಉಳಿಯಿತು ಎಂದು ಅವಳೇ ಅಳೆದು ಬರೆದಿಡಲಿ. ಆ ಅಳತೆಯನ್ನು ಇಲ್ಲಿ ಕೆಳಗೆ ಹಾಕಿ, ಎಷ್ಟು ಡ್ರಮ್ ಬೇಕೆಂದು ಲೆಕ್ಕ ಹಾಕಿಕೊಡುತ್ತೇನೆ.